ಮೊಮ್ಮಗನನ್ನು ಮಗನಾಗಿಸಿಕೊಂಡ ಮಹಾರಾಜ

1863ರ ಫೆಬ್ರವರಿಯಲ್ಲಿ ಮೈಸೂರು ಅರಮನೆಗೆ ಸಾವಿನ ಸೂತಕವೂ ಹೆರಿಗೆಯ ಪುರುಡೂ ಒಂದರ ಬೆನ್ನಿಗೊಂದು ಬಂದವು. ಬೆಟ್ಟದಕೋಟೆ ಮನೆತನದ ಸರದಾರ ಚಿಕ್ಕ ಕೃಷ್ಣರಾಜೇ ಅರಸು ತೀರಿಕೊಂಡಾಗ ಅವರ ಪತ್ನಿ ಪುಟ್ಟಮ್ಮಣ್ಣಿಗೆ ದಿನ ತುಂಬಿತ್ತು. ಸುಮಾರು ಒಂದು ವಾರಕ್ಕೆ, ಫೆಬ್ರವರಿ 22ರಂದು, ಹಳೆಯ ಅರಮನೆಯಲ್ಲಿ ಗಂಡುಮಗು ಹುಟ್ಟಿತು. ದಂಪತಿಗೆ ಅದು ಮೂರನೆಯ ಮಗ. ಪುಟ್ಟಮ್ಮಣ್ಣಿ ಮುಮ್ಮಡಿ ಕೃಷ್ಣರಾಜ ಒಡೆಯರ ಹಿರಿಯ ಮಗಳು. ಅಳಿಯನನ್ನು ಕಳೆದುಕೊಂಡು ಮೊಮ್ಮಗನನ್ನು ಪಡೆದ ತಾತನಿಗೆ ಆಗ 68 ವರ್ಷ. ಪಟ್ಟಕ್ಕೆ ಬರಬಲ್ಲ ಮಗ ಇರಲಿಲ್ಲ. ಪಟ್ಟವಿತ್ತು, ಆಡಳಿತವಿರಲಿಲ್ಲ, ಅದು ಕೈಬಿಟ್ಟು ಮೂವತ್ತೆರಡನೆಯ ವರ್ಷ ನಡೆಯುತ್ತಿತ್ತು.

ಅಪ್ಪನಿಲ್ಲದ ಮಗು ಅರಮನೆಯಲ್ಲಿ ಬೆಳೆಯುವುದು ಹೇಗಿರುತ್ತದೆಂದು ಈ ತಾತನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರು ಹುಟ್ಟಿದ್ದು 1794ರ ಜುಲೈ 14ರಂದು. ತಂದೆ ಖಾಸಾ ಚಾಮರಾಜ ಒಡೆಯರು 1796ರಲ್ಲಿ ತೀರಿಕೊಂಡಾಗ ಮಗುವಿಗೆ ಎರಡು ವರ್ಷವೂ ತುಂಬಿರಲಿಲ್ಲ. ಟಿಪ್ಪು ಸುಲ್ತಾನ್ ಇನ್ನೊಬ್ಬ ಒಡೆಯರನ್ನು ಪಟ್ಟಕ್ಕೆ ಕೂರಿಸುವ ಗೋಜಿಗೆ ಹೋಗಲಿಲ್ಲ. ಅಲ್ಲಿಯವರೆಗೆ ಹೆಸರಿಗಾದರೂ ನಡೆದುಬರುತ್ತಿದ್ದ ಸಂಪ್ರದಾಯ ಅಲ್ಲಿಗೆ ನಿಂತಿತು. ರಾಜಕುಟುಂಬ ಅರಮನೆ ಬಿಟ್ಟು ಬಡಮನೆಯೊಂದಕ್ಕೆ ಸೇರಿತು. ಮಗುವನ್ನು ಕಾಪಾಡಿದ್ದು ಅಜ್ಜಿ ಲಕ್ಷ್ಮಮ್ಮಣ್ಣಿ, ಇಮ್ಮಡಿ ಕೃಷ್ಣರಾಜ ಒಡೆಯರ ವಿಧವೆ ರಾಣಿ.

ಅಜ್ಜಿ ಎಂದೆ. ರಕ್ತದ ಲೆಕ್ಕ ಹಿಡಿದರೆ ಆಕೆ ಅಜ್ಜಿಯಲ್ಲ. 1776ರಲ್ಲಿ ಆಗಿನ ಒಡೆಯರು ಮಕ್ಕಳಿಲ್ಲದೆ ತೀರಿಕೊಂಡಾಗ ಹೈದರಾಲಿ ಅರಸು ಮನೆತನಗಳ ಹುಡುಗರನ್ನೆಲ್ಲ ಒಂದು ಕೋಣೆಗೆ ಕರೆಸಿ, ಆಟದ ಸಾಮಾನು, ಹಣ್ಣು, ಮಿಠಾಯಿ, ಆಯುಧಗಳನ್ನು ಹರಡಿಸಿದನಂತೆ. ಒಬ್ಬ ಹುಡುಗ ಹೊಳೆಯುವ ಪುಟ್ಟ ಕಠಾರಿಯನ್ನು ಒಂದು ಕೈಯಲ್ಲೂ ನಿಂಬೆಹಣ್ಣನ್ನು ಇನ್ನೊಂದು ಕೈಯಲ್ಲೂ ಹಿಡಿದುಕೊಂಡ. ಇವನೇ ರಾಜ ಎಂದ ಹೈದರ್. ಮೈಸೂರಿನ ಚರಿತ್ರೆ ಬರೆದ ವಿಲ್ಕ್ಸ್ ದಾಖಲಿಸಿದ ಕಥೆ ಇದು. ಎಷ್ಟು ನಿಜವೋ ಏನೋ, ಅರಿಕುಠಾರದ ಆ ಹುಡುಗನೇ ಖಾಸಾ ಚಾಮರಾಜ ಒಡೆಯರೆಂಬುದಂತೂ ನಿಜ. ಲಕ್ಷ್ಮಮ್ಮಣ್ಣಿ ಅವನಿಗೆ ದತ್ತಕದ ತಾಯಿಯಾದರು, ಅವನ ಮಗನಿಗೆ ಅಜ್ಜಿಯಾದರು. ಪ್ರಧಾನ್ ತಿರುಮಲರಾಯರ ಮೂಲಕ ಮದರಾಸಿನ ಇಂಗ್ಲಿಷರೊಂದಿಗೆ ವರ್ಷಗಟ್ಟಲೆ ಗುಟ್ಟಾಗಿ ವ್ಯವಹಾರ ನಡೆಸಿ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಈ ಹುಡುಗನನ್ನು ಮುಂದೆ ನಿಲ್ಲಿಸಿದ್ದು ಆಕೆಯೇ. ಹೆತ್ತ ಅಜ್ಜಿ ಇದಕ್ಕಿಂತ ಹೆಚ್ಚು ಏನು ಮಾಡುತ್ತಿದ್ದಳು?

ಜೂನ್ 30ರಂದು ಪಟ್ಟ. ಒಡೆಯರ ಹಿಂದಿನ ಅರಮನೆಯನ್ನು ಟಿಪ್ಪು ಕೆಡವಿಸಿದ್ದರಿಂದ ಚಪ್ಪರದಡಿಯಲ್ಲಿ ಕಾರ್ಯ ನಡೆಯಿತು. ಹುಡುಗನಿಗೆ ಐದು ತುಂಬಲು ಇನ್ನೂ ಎರಡು ವಾರವಿತ್ತು. ದಿವಾನ್ ಪೂರ್ಣಯ್ಯ ರಾಜ್ಯ ನೋಡಿಕೊಂಡರು, ಲಕ್ಷ್ಮಮ್ಮಣ್ಣಿ ಹುಡುಗನನ್ನು ನೋಡಿಕೊಂಡರು. 1810ರಲ್ಲಿ ಅಜ್ಜಿ ತೀರಿಕೊಂಡರು. ಅದೇ ಆಸುಪಾಸಿನಲ್ಲಿ ಪೂರ್ಣಯ್ಯನವರೂ ಅಧಿಕಾರ ಬಿಟ್ಟುಕೊಟ್ಟರು. ಮುಂದಿನ ಇಪ್ಪತ್ತು ವರ್ಷದ ಕಥೆ ಎಲ್ಲರಿಗೂ ಗೊತ್ತಿರುವುದೇ: ಕೈಬಿಚ್ಚಿದ ದಾನ, ಖಾಲಿಯಾದ ಬೊಕ್ಕಸ, ಕಂದಾಯದ ಗುತ್ತಿಗೆ, 1830ರ ನಗರ ಪ್ರಾಂತ್ಯದ ದಂಗೆ. 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಆಡಳಿತವನ್ನು ಕಿತ್ತುಕೊಂಡ. ರಾಜರಿಗೆ ವರ್ಷಕ್ಕೆ ಒಂದು ಲಕ್ಷ ವರಹ ಮತ್ತು ನಿವ್ವಳ ಕಂದಾಯದ ಐದನೇ ಒಂದು ಪಾಲು ಉಳಿಯಿತು. ದಂಗೆಯ ಕಾರಣಗಳನ್ನು ಪೂರ್ತಿ ವಿಚಾರಿಸದೆ ಕೊಟ್ಟ ಆಜ್ಞೆ ಅದು ಎಂಬುದು ನನ್ನ ಅಭಿಪ್ರಾಯ. ರಾಜರ ತಪ್ಪೇ ಇರಲಿಲ್ಲ ಎಂದು ವಾದಿಸುವವರ ಜೊತೆಗೂ ನಾನಿಲ್ಲ.

ಆಡಳಿತವಿಲ್ಲದ ಆ ದಶಕಗಳಲ್ಲಿ ಶ್ರೀತತ್ತ್ವನಿಧಿಯಂಥ ಸಚಿತ್ರ ಗ್ರಂಥ ಸಿದ್ಧವಾಯಿತು, ಚದುರಂಗದ ಕುದುರೆ ಮನೆಯಿಂದ ಮನೆಗೆ ಹಾರುತ್ತ ಇಡೀ ಮಣೆ ಸುತ್ತಿಬರುವ ಲೆಕ್ಕಗಳು ಹುಟ್ಟಿದವು, ಜಗನ್ಮೋಹನ ಅರಮನೆ ಎದ್ದಿತು. ಅದರ ಜೊತೆಗೆ ಇನ್ನೊಂದು ಬರಹವೂ ಎಡೆಬಿಡದೆ ನಡೆದಿತ್ತು. ರಾಜ್ಯ ಹಿಂದಕ್ಕೆ ಕೊಡಿ ಎಂದು ಕಲ್ಕತ್ತೆಗೆ, ಲಂಡನ್ನಿಗೆ ಬರೆದ ಖರೀತೆಗಳು. 1861ರಲ್ಲಿ ವೈಸ್‌ರಾಯ್ ಲಾರ್ಡ್ ಕ್ಯಾನಿಂಗ್‌ಗೆ ಬರೆದದ್ದಕ್ಕೆ ಮರುವರ್ಷ ಆಗದು ಎಂಬ ಉತ್ತರ ಬಂತು. 1863ರಲ್ಲಿ ಲಂಡನ್ನಿನ ಭಾರತ ಸಚಿವ ಚಾರ್ಲ್ಸ್ ವುಡ್ ಅದನ್ನೇ ಎತ್ತಿಹಿಡಿದ. ಮೊಮ್ಮಗ ಹುಟ್ಟಿದ ವರ್ಷವೇ ಆ ಬಾಗಿಲೂ ಮುಚ್ಚಿತು.

ಇನ್ನು ಉಳಿದ ದಾರಿ ದತ್ತು.

ದತ್ತು ತೆಗೆದುಕೊಂಡ ದೊರೆಗಳಿಗೆ ಆಗಿನ ಕಾಲದಲ್ಲಿ ಏನಾಗಿತ್ತೆಂದು ತಿಳಿಯಲು ಮೈಸೂರಿನವರು ದೂರ ಹೋಗಬೇಕಾಗಿರಲಿಲ್ಲ. ಡಾಲ್‌ಹೌಸಿಯ ಹೆಸರಿನೊಂದಿಗೆ ನಮ್ಮ ಶಾಲಾ ಪುಸ್ತಕಗಳು ಹೇಳುವ ‘ದತ್ತು ಮಕ್ಕಳಿಗೆ ಹಕ್ಕಿಲ್ಲ’ ನೀತಿ ಅವನಿಗಿಂತ ಕಾಲು ಶತಮಾನ ಮೊದಲೇ ಕಿತ್ತೂರಿನಲ್ಲಿ ಜಾರಿಗೆ ಬಂದಿತ್ತು. 1824ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜ ಸಾವಿನ ಹಾಸಿಗೆಯಲ್ಲಿ ಮಾಸ್ತಮರಡಿಯ ಹುಡುಗನೊಬ್ಬನನ್ನು ದತ್ತು ತೆಗೆದುಕೊಂಡ. ಧಾರವಾಡದ ಕಲೆಕ್ಟರ್ ಥ್ಯಾಕರೆ ಅದನ್ನು ಒಪ್ಪಲಿಲ್ಲ. ರಾಣಿ ಚೆನ್ನಮ್ಮ ಕತ್ತಿ ಹಿಡಿದಳು, ಅಕ್ಟೋಬರ್ 23ರಂದು ಕಿತ್ತೂರ ಕೋಟೆಯೆದುರು ಥ್ಯಾಕರೆ ಸತ್ತ, ಡಿಸೆಂಬರಿನಲ್ಲಿ ಕಿತ್ತೂರು ಬಿತ್ತು. ಆಮೇಲೆ 1848ರಲ್ಲಿ ಸಾತಾರ, 1854ರಲ್ಲಿ ಝಾನ್ಸಿ ಮತ್ತು ನಾಗಪುರ. ನರಗುಂದದ ಬಾಬಾಸಾಹೇಬ ಭಾಸ್ಕರರಾಯ ಭಾವೆ ದತ್ತಕಕ್ಕೆ ಕೇಳಿದ ಅನುಮತಿ ಸಿಗಲಿಲ್ಲ. 1858ರ ಮೇ ತಿಂಗಳಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನ ತಲೆ ಉರುಳಿತು, ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

1857ರ ದಂಗೆಯ ನಂತರ ಇಂಗ್ಲಿಷರಿಗೆ ಬುದ್ಧಿ ಬಂತು, ಇಲ್ಲವೇ ಭಯ ಹುಟ್ಟಿತು. 1862ರಲ್ಲಿ ಕ್ಯಾನಿಂಗ್ ನೂರಕ್ಕೂ ಮಿಕ್ಕಿ ದೇಶೀ ಅರಸರಿಗೆ ಸನದು ಕೊಟ್ಟು, ಸ್ವಂತ ಮಕ್ಕಳಿಲ್ಲದಿದ್ದರೆ ಅವರವರ ಧರ್ಮ, ಮನೆತನದ ಕಟ್ಟಳೆಯಂತೆ ದತ್ತು ತೆಗೆದುಕೊಳ್ಳಬಹುದೆಂದು ಭರವಸೆಯಿತ್ತ. ಸನದು ಆಳುವ ಅರಸರಿಗೆ. ಮುಮ್ಮಡಿಯವರು ಆಳುತ್ತಿರಲಿಲ್ಲವಲ್ಲ, ಅವರಿಗೆ ಸಿಗಲಿಲ್ಲ. ಸಣ್ಣಪುಟ್ಟ ಸಂಸ್ಥಾನದವರಿಗೆಲ್ಲ ದೊರೆತ ಕಾಗದ ದಕ್ಷಿಣದ ಅತಿ ದೊಡ್ಡ ಹಿಂದೂ ಸಂಸ್ಥಾನದ ದೊರೆಗೆ ದಕ್ಕಲಿಲ್ಲ. ರಾಜ ಕಣ್ಣು ಮುಚ್ಚಿದೊಡನೆ ಮೈಸೂರು ತಾನಾಗಿ ಬ್ರಿಟಿಷ್ ಭಾರತಕ್ಕೆ ಸೇರುತ್ತದೆಂದು ಕಲ್ಕತ್ತೆಯ ಕಚೇರಿಗಳಲ್ಲಿ ಗಟ್ಟಿಯಾಗಿ ನಂಬಿದವರಿದ್ದರು. ಅವರಿಗೆ ಬೇಕಾಗಿದ್ದದ್ದು ಕಾಯುವ ತಾಳ್ಮೆಯೊಂದೇ. ಎಪ್ಪತ್ತು ದಾಟಲಿದ್ದ ಮುದುಕ ಇನ್ನೆಷ್ಟು ದಿನ?

1865ರ ಜೂನ್ 18ರಂದು ರಾಜರು ಪುಟ್ಟಮ್ಮಣ್ಣಿಯ ಆ ಮಗ ಚಾಮರಾಜೇಂದ್ರನನ್ನು ದತ್ತು ತೆಗೆದುಕೊಂಡರು. ಮಗುವಿಗೆ ಎರಡು ವರ್ಷ ನಾಲ್ಕು ತಿಂಗಳು.

ಹಿಂದೂ ಸಂಪ್ರದಾಯದ ದತ್ತಕದಲ್ಲಿ ಮುಖ್ಯವಾದದ್ದು ಕೊಡುವುದು ಮತ್ತು ತೆಗೆದುಕೊಳ್ಳುವುದು. ಕಾಗದಪತ್ರ ಆಮೇಲಿನ ಮಾತು. ಪಡೆಯುವವನು ಕೊಡುವವರ ಮುಂದೆ ನಿಂತು ಮಗನನ್ನು ಕೊಡು ಎಂದು ಕೇಳಬೇಕು. ಎರಡೂ ಕೈಗಳಿಂದ ಮಗುವನ್ನು ತೆಗೆದುಕೊಂಡು ನೆತ್ತಿಯನ್ನು ಮೂಸಬೇಕು. ಹೊಸ ಬಟ್ಟೆ, ಒಡವೆ ತೊಡಿಸಿ, ಹಾಡು ವಾದ್ಯಗಳ ನಡುವೆ ಮನೆಯೊಳಗೆ ಕರೆತಂದು ಹೋಮ ಮಾಡಬೇಕು. ಶೌನಕನ ಹೆಸರಿನಲ್ಲಿ ಬಂದಿರುವ ವಿಧಿ ಇದು. ನೆತ್ತಿ ಮೂಸುವುದು ಹೆತ್ತ ತಂದೆ ಮಾಡುವ ಕೆಲಸ. ದತ್ತಕದ ತಂದೆ ಅದನ್ನೇ ಮಾಡಿ ಹೆತ್ತವನಾಗುತ್ತಾನೆ. ಆ ಗಳಿಗೆಯಿಂದ ಮಗು ಹುಟ್ಟಿದ ಮನೆಯ ಗೋತ್ರಕ್ಕೂ ಆಸ್ತಿಗೂ ಹೊರಗು.

ಇಲ್ಲಿ ಕೊಡಬೇಕಾದವಳು ಪುಟ್ಟಮ್ಮಣ್ಣಿ, ಪಡೆಯುವವರು ಅವಳ ತಂದೆ. ವಿಧವೆಯಾದ ತಾಯಿ ಒಬ್ಬಳೇ ಮಗನನ್ನು ದತ್ತು ಕೊಡಬಹುದೇ? ಕೊಡಬಹುದು ಎಂದು ನಿಚ್ಚಳವಾಗಿ ಹೇಳಿದ ಗ್ರಂಥ ನಮ್ಮ ನೆಲದಲ್ಲೇ ಹುಟ್ಟಿದ್ದು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಕುಳಿತು ವಿಜ್ಞಾನೇಶ್ವರ ಬರೆದ ಮಿತಾಕ್ಷರ. ಗಂಡ ತೀರಿಕೊಂಡ ಮೇಲೆ ತಾಯಿ ಕೊಟ್ಟ ಮಗನೂ ದತ್ತಕನೇ ಎನ್ನುತ್ತದೆ ಅದು. ಒಬ್ಬನೇ ಮಗನಿದ್ದರೆ ಕೊಡಬಾರದು, ಹಲವರಿದ್ದರೂ ಹಿರಿಯನನ್ನು ಕೊಡಬಾರದು ಎಂದೂ ಹೇಳುತ್ತದೆ. ಚಾಮರಾಜೇಂದ್ರ ಮೂರನೆಯವನು. ಎಲ್ಲಿಯೂ ತೊಡಕಿರಲಿಲ್ಲ. ಮಗಳ ಮಗನನ್ನು ತೆಗೆದುಕೊಳ್ಳಬಾರದೆಂಬ ಆಕ್ಷೇಪ ದತ್ತಕ ಮೀಮಾಂಸೆಯಂಥ ಗ್ರಂಥಗಳಲ್ಲಿದೆ, ಆದರೆ ದಕ್ಷಿಣದಲ್ಲಿ ರೂಢಿ ಅದನ್ನು ಎಂದೋ ಮೀರಿತ್ತು. ನಮ್ಮ ಕಡೆ ಮೊಮ್ಮಗನನ್ನು ದತ್ತು ತೆಗೆದುಕೊಂಡ ತಾತಂದಿರು ಊರಿಗೊಬ್ಬರಾದರೂ ಸಿಗುತ್ತಾರೆ.

ಹೀಗಾಗಿ ಒಂದೇ ದಿನದಲ್ಲಿ ತಾತ ತಂದೆಯಾದರು. ಶಾಸ್ತ್ರದ ಲೆಕ್ಕದಲ್ಲಿ ಹೆತ್ತ ತಾಯಿ ಅಕ್ಕನಾದಳು, ಇಬ್ಬರು ಅಣ್ಣಂದಿರು ಅಕ್ಕನ ಮಕ್ಕಳಾದರು. ಎರಡು ವರ್ಷದ ಕೂಸಿಗೆ ಇದರಲ್ಲಿ ಎಷ್ಟು ತಿಳಿದೀತು! ಅದು ಹುಟ್ಟಿದ್ದೂ ಅದೇ ಅರಮನೆಯಲ್ಲಿ.

ವಿಧಿಯಲ್ಲಿ ಇನ್ನೊಂದು ಮಾತಿದೆ. ದತ್ತು ತೆಗೆದುಕೊಳ್ಳುವವನು ಬಂಧುಗಳನ್ನು ಕರೆಸಿ, ರಾಜನಿಗೆ ತಿಳಿಸಿ, ಮನೆಯ ನಡುವೆ ಹೋಮ ಮಾಡಬೇಕೆನ್ನುತ್ತದೆ ವಸಿಷ್ಠ ಧರ್ಮಸೂತ್ರ. ಸಾಮಾನ್ಯರು ರಾಜನಿಗೆ ತಿಳಿಸುತ್ತಾರೆ. ದತ್ತು ತೆಗೆದುಕೊಳ್ಳುವವನೇ ರಾಜನಾದರೆ ಯಾರಿಗೆ ತಿಳಿಸಬೇಕು? ಮುಂದಿನ ಎರಡು ವರ್ಷದ ಜಗಳವೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ನಡೆಯಿತು. ಮುಮ್ಮಡಿಯವರ ಮಟ್ಟಿಗೆ ವೈಸ್‌ರಾಯ್‌ಗೆ ಬರೆದದ್ದು ತಿಳಿಸುವ ಕಾಗದ. ಕಲ್ಕತ್ತೆಯ ಮಟ್ಟಿಗೆ ಅದು ಅನುಮತಿ ಕೇಳುವ ಅರ್ಜಿ, ಅದೂ ಕೆಲಸ ಮುಗಿದ ಮೇಲೆ ಬಂದದ್ದು.

ಆಗ ವೈಸ್‌ರಾಯ್ ಆಗಿದ್ದವನು ಜಾನ್ ಲಾರೆನ್ಸ್. ಅವನ ಉತ್ತರ ಚಮತ್ಕಾರದ್ದು. ರಾಜರು ದತ್ತು ತೆಗೆದುಕೊಳ್ಳಬಹುದು, ಅವರ ಖಾಸಗಿ ಆಸ್ತಿಗೆ ಹುಡುಗ ವಾರಸುದಾರನೂ ಆಗಬಹುದು. ಆದರೆ ಮೈಸೂರು ರಾಜ್ಯದ ಮೇಲೆ ಅವನಿಗೆ ಯಾವ ಹಕ್ಕೂ ಹುಟ್ಟುವುದಿಲ್ಲ. ಹೀಗೆ ಅರಮನೆಯ ಹೊಸಿಲೊಳಗೆ ಚಾಮರಾಜೇಂದ್ರ ಮಹಾರಾಜರ ಮಗ, ಹೊಸಿಲಾಚೆಗೆ ಬೆಟ್ಟದಕೋಟೆಯ ಒಬ್ಬ ಸರದಾರನ ಹುಡುಗ. ಕರ್ಮ ಮಾಡುವ ಹಕ್ಕುಂಟು, ಪಿಂಡ ಹಾಕುವ ಹಕ್ಕುಂಟು, ಒಡವೆ ವಸ್ತು ಅವನದೇ. ಗದ್ದುಗೆ ಮಾತ್ರ ಅಲ್ಲ. ಡಾಲ್‌ಹೌಸಿಯ ಕಾಲದಲ್ಲೂ ವಾದದ ಹುರುಳು ಇದೇ ಆಗಿತ್ತು. ಝಾನ್ಸಿಯ ದತ್ತುಪುತ್ರ ದಾಮೋದರರಾಯನಿಗೂ ತಂದೆಯ ಖಾಸಗಿ ಸೊತ್ತಿನ ಹಕ್ಕನ್ನು ಒಪ್ಪಿ, ಝಾನ್ಸಿಯನ್ನು ನುಂಗಿದ್ದರು.

ಸರ್ಕಾರದ ಕಾನೂನಿನ ಆಧಾರ 1799ರ ಒಪ್ಪಂದಗಳು. ಟಿಪ್ಪುವಿನ ರಾಜ್ಯವನ್ನು ಹಂಚಿಕೊಂಡಾಗ ಕಂಪನಿ ಮತ್ತು ನಿಜಾಮರ ನಡುವೆ ಒಂದು ಒಪ್ಪಂದ, ಆಮೇಲೆ ಕಂಪನಿ ಮತ್ತು ಬಾಲಕ ಕೃಷ್ಣರಾಜರ ನಡುವೆ ಸಹಾಯಕ ಸೈನ್ಯದ ಇನ್ನೊಂದು ಒಪ್ಪಂದ. ಅವುಗಳಲ್ಲಿ ರಾಜರ ಹೆಸರಿದೆ, ‘ವಾರಸುದಾರರಿಗೆ’ ಎಂಬ ಮಾತಿಲ್ಲ. ಹಾಗಾಗಿ ಇದು ಒಬ್ಬ ವ್ಯಕ್ತಿಗೆ ಬದುಕಿರುವಷ್ಟು ಕಾಲ ಕೊಟ್ಟದ್ದು ಎಂಬುದು ಕಲ್ಕತ್ತೆಯ ವಾದ. ಎರಡನೆಯ ಒಪ್ಪಂದದಲ್ಲಿ ಸೂರ್ಯಚಂದ್ರರಿರುವ ತನಕ ಎಂಬ ಮಾತಿದೆಯಲ್ಲ, ಐದು ವರ್ಷದ ಹುಡುಗನೊಬ್ಬನ ಆಯುಸ್ಸನ್ನು ಯಾರಾದರೂ ಸೂರ್ಯಚಂದ್ರರಿಂದ ಅಳೆಯುತ್ತಾರೆಯೇ ಎಂಬುದು ಮೈಸೂರಿನ ಪರವಾಗಿ ನಿಂತವರ ಪ್ರಶ್ನೆ. ಆಚಂದ್ರಾರ್ಕ ಎಂಬ ಮಾತನ್ನು ನಮ್ಮ ಶಾಸನಗಳಲ್ಲಿ ಕಂಡವರಿಗೆ ಯಾವ ಪಕ್ಷ ಸರಿಯೆಂದು ತಿಳಿಯಲು ವಕೀಲರು ಬೇಕಿಲ್ಲ.

ರಾಜರ ಪರವಾಗಿ ಲಂಡನ್ನಿನಲ್ಲಿ ಓಡಾಡಿದವರು ಕ್ಯಾಂಪ್‌ಬೆಲ್ ಎಂಬ ಡಾಕ್ಟರು. ಲೇಖನಿ ಹಿಡಿದವನು ಮೇಜರ್ ಇವಾನ್ಸ್ ಬೆಲ್, ಮದರಾಸು ಸೇನೆಯ ಅಧಿಕಾರಿ. ಈತ ನಾಗಪುರದಲ್ಲಿ ಕೆಲಸದಲ್ಲಿದ್ದಾಗ ರಾಜ್ಯ ಕಳೆದುಕೊಂಡ ಭೋಂಸ್ಲೆ ಮನೆತನದ ಪರವಾಗಿ ವಾದಿಸಿ ಸರ್ಕಾರದ ಸಿಟ್ಟಿಗೆ ಗುರಿಯಾಗಿ ಹುದ್ದೆ ಕಳೆದುಕೊಂಡಿದ್ದ. ‘ಮೈಸೂರ್ ರಿವರ್ಷನ್’ ಎಂಬ ಅವನ ಪುಸ್ತಕ ದತ್ತಕದ ವರ್ಷವೇ, 1865ರಲ್ಲೇ, ಅಚ್ಚಾಯಿತು. ಬರೀ ದಯೆ ಕೇಳುವ ಪುಸ್ತಕವಲ್ಲ ಅದು. ಮೈಸೂರನ್ನು ನುಂಗಿದರೆ ಉಳಿದ ಅರಸರು ಸನದುಗಳನ್ನು ನಂಬುವುದಾದರೂ ಹೇಗೆ ಎಂಬ ಲೆಕ್ಕಾಚಾರ ಅದರಲ್ಲಿದೆ. ದಂಗೆ ನಡೆದು ಎಂಟೇ ವರ್ಷವಾಗಿತ್ತು. ಝಾನ್ಸಿಯ ಹೆಸರು ಲಂಡನ್ನಿನಲ್ಲಿ ಯಾರಿಗೂ ಮರೆತಿರಲಿಲ್ಲ. ಜೊತೆಗೆ 1799ರ ಹಂಚಿಕೆಯಲ್ಲಿ ನಿಜಾಮರೂ ಪಾಲುದಾರರು. ಮೈಸೂರಿಗೆ ವಾರಸುದಾರನಿಲ್ಲವೆಂದರೆ ಹೈದರಾಬಾದು ತನ್ನ ಪಾಲು ಎಲ್ಲಿ ಎಂದು ಕೇಳಬಹುದೆಂಬ ಅಳುಕು ಬೇರೆ.

ಲಂಡನ್ನಿನಲ್ಲಿ ಭಾರತ ಸಚಿವರು ಒಬ್ಬರ ಹಿಂದೊಬ್ಬರು ಬದಲಾದರು. ವುಡ್ ಹೋದ, ಡಿ ಗ್ರೇ ಬಂದ. ಸರ್ಕಾರವೇ ಬಿದ್ದು ಕ್ರಾನ್‌ಬೋರ್ನ್ ಬಂದ. ಪಾರ್ಲಿಮೆಂಟಿನ ಮತದಾನ ಸುಧಾರಣೆಯ ಮಸೂದೆಯ ಮೇಲೆ ಮುನಿಸಿಕೊಂಡು ಆತನೂ ರಾಜೀನಾಮೆಯಿತ್ತ. 1867ರ ಮಾರ್ಚಿನಲ್ಲಿ ಸ್ಟ್ಯಾಫರ್ಡ್ ನಾರ್ತ್‌ಕೋಟ್ ಬಂದ. ಒಂದೂವರೆ ತಿಂಗಳೂ ಕಳೆದಿರಲಿಲ್ಲ, ಏಪ್ರಿಲ್ 16ರ ತಾರೀಖಿನ ಪತ್ರದಲ್ಲಿ ಅವನು ತೀರ್ಮಾನ ತಿಳಿಸಿದ. 1799ರ ಒಪ್ಪಂದಗಳ ಪದಪದವನ್ನು ಕೆದಕುತ್ತ ಕೂರುವುದಿಲ್ಲ; ಈ ಮನೆತನವನ್ನು ರಾಜರ ದತ್ತುಪುತ್ರನ ಮೂಲಕ ಗದ್ದುಗೆಯಲ್ಲಿ ಉಳಿಸುವುದು ಸರ್ಕಾರದ ಇಚ್ಛೆ. ಹುಡುಗ ಪ್ರಾಪ್ತವಯಸ್ಕನಾಗುವ ಹೊತ್ತಿಗೆ ತಕ್ಕ ಶಿಕ್ಷಣ ಪಡೆದಿದ್ದರೆ ರಾಜ್ಯವನ್ನು ಒಪ್ಪಿಸಲಾಗುವುದು. ಮೇ 24ರಂದು ಕಾಮನ್ಸ್ ಸಭೆಯಲ್ಲಿ ಈ ವಿಷಯದ ಚರ್ಚೆ ನಡೆದಾಗ ಕ್ರಾನ್‌ಬೋರ್ನ್ ದೇಶೀ ಆಳ್ವಿಕೆಯ ಪರವಾಗಿಯೇ ಮಾತನಾಡಿದ. ನಾರ್ತ್‌ಕೋಟನನ್ನು ಮೈಸೂರಿನ ಉಪಕಾರಿಯೆಂದು ನಮ್ಮಲ್ಲಿ ಕೊಂಡಾಡುವುದುಂಟು. ಒಪ್ಪಂದದ ಮಾತನ್ನು ಅವನು ಜಾಣತನದಿಂದ ಬದಿಗಿಟ್ಟದ್ದನ್ನೂ ಗಮನಿಸಬೇಕು. ಹಕ್ಕನ್ನು ಒಪ್ಪಲಿಲ್ಲ, ಹುಡುಗನನ್ನು ಒಪ್ಪಿದ. ಹಕ್ಕು ಎಂದಿದ್ದರೆ ಸಾತಾರ, ನಾಗಪುರಗಳ ಕಡತಗಳನ್ನೂ ಮತ್ತೆ ಬಿಚ್ಚಬೇಕಾಗುತ್ತಿತ್ತು.

ಮುದುಕರಾದ ರಾಜರು ಈ ಸುದ್ದಿ ಕೇಳಲು ಬದುಕಿದ್ದರು. ಇದೇ ಇಡೀ ಪ್ರಕರಣದ ಭಾಗ್ಯ. 1866ರಲ್ಲಿ ಅವರೇನಾದರೂ ಹೋಗಿಬಿಟ್ಟಿದ್ದರೆ ಲಾರೆನ್ಸನ ಆದೇಶವೇ ಕೊನೆಯ ಮಾತಾಗುತ್ತಿತ್ತು. ಅವರು ತೀರಿಕೊಂಡದ್ದು 1868ರ ಮಾರ್ಚ್ 27ರಂದು. ಗದ್ದುಗೆಗೆ ಬಂದು 69ನೆಯ ವರ್ಷ ನಡೆಯುತ್ತಿತ್ತು. ಚಾಮರಾಜೇಂದ್ರನಿಗೆ ಐದು ತುಂಬಿ ಒಂದು ತಿಂಗಳಾಗಿತ್ತು. ಹುಟ್ಟುವ ಮೊದಲೇ ಒಬ್ಬ ತಂದೆಯನ್ನು ಕಳೆದುಕೊಂಡವನು ಈಗ ಎರಡನೆಯ ತಂದೆಯನ್ನೂ ಕಳೆದುಕೊಂಡ.

ಸೆಪ್ಟೆಂಬರ್ 23ರಂದು ಕಮಿಷನರ್ ಬೌರಿಂಗ್ ಅವನಿಗೆ ಪಟ್ಟ ಕಟ್ಟಿಸಿದ. ಅರಮನೆಯ ಒಳಾಡಳಿತ ಹದಗೆಟ್ಟಿತ್ತು, ಸಾಲ ಬೆಟ್ಟದಷ್ಟಿತ್ತು. ಅದನ್ನು ಬಗೆಹರಿಸುವ ಕೆಲಸಕ್ಕಾಗಿ ಮದರಾಸಿನಿಂದ ಬಂದವರಲ್ಲಿ ಸಿ. ರಂಗಾಚಾರ್ಲು ಒಬ್ಬರು. ಮುಂದೆ ಇದೇ ಹುಡುಗನ ಮೊದಲ ದಿವಾನರಾಗಲಿದ್ದವರು ಹೀಗೆ ಸಾಲದ ಪಟ್ಟಿ ಹಿಡಿದು ಮೈಸೂರಿಗೆ ಕಾಲಿಟ್ಟರು.

ಈಗ ಹುಡುಗನಿಗೆ ಸರ್ಕಾರವೇ ಪೋಷಕ. 1869ರಲ್ಲಿ ಅವನ ಗಾರ್ಡಿಯನ್ ಆಗಿ ಬಂದವನು ಕರ್ನಲ್ ಮ್ಯಾಲಿಸನ್. ಈ ಮ್ಯಾಲಿಸನ್ ಬರಿಯ ಸಿಪಾಯಿಯಲ್ಲ. 1857ರಲ್ಲಿ ಹೆಸರು ಹಾಕದೆ ಅವನು ಪ್ರಕಟಿಸಿದ ಕೆಂಪು ಹೊದಿಕೆಯ ಕಿರುಪುಸ್ತಕ ದಂಗೆಗೆ ಡಾಲ್‌ಹೌಸಿಯ ಆಡಳಿತವೇ ಕಾರಣವೆಂದು ದೂರಿತ್ತು. ಮೈಸೂರು ಬಿಟ್ಟ ಮೇಲೆ ಅವನು ಆ ದಂಗೆಯ ಚರಿತ್ರೆಯನ್ನು ಮೂರು ಸಂಪುಟಗಳಲ್ಲಿ ಬರೆದ, ಝಾನ್ಸಿಯ ರಾಣಿ ಮತ್ತು ಅವಳ ದತ್ತುಮಗನ ಕಥೆಯನ್ನೂ ಸೇರಿಸಿ. ಅದಕ್ಕೆ ಮೊದಲು ಏಳು ವರ್ಷ ಅವನ ಕಣ್ಣೆದುರು ಓಡಾಡಿದ್ದು ಹಕ್ಕು ಸಿಕ್ಕಿದ ಇನ್ನೊಬ್ಬ ದತ್ತುಮಗ. ಇಂದೋರಿನಲ್ಲಿ ಪಿಂಚಣಿಯ ಮೇಲೆ ದಿನ ದೂಡುತ್ತಿದ್ದ ದಾಮೋದರರಾಯನೂ ಮೈಸೂರಿನ ಚಾಮರಾಜೇಂದ್ರನೂ ಸರಿಸುಮಾರು ಒಂದೇ ತಲೆಮಾರಿನವರು. ಅವರಿಬ್ಬರ ಹಣೆಬರಹವನ್ನು ಬೇರೆ ಮಾಡಿದ್ದು ಶಾಸ್ತ್ರವಲ್ಲ, ಹದಿನಾಲ್ಕು ವರ್ಷಗಳ ಅಂತರ. 1853ರಲ್ಲಿ ದತ್ತಕವಾದವನಿಗೆ ಡಾಲ್‌ಹೌಸಿ ಸಿಕ್ಕ, 1867ರಲ್ಲಿ ಮನ್ನಣೆ ಪಡೆದವನಿಗೆ ದಂಗೆಯ ನೆನಪು ಕಾವಲಿಗಿತ್ತು.

ರಾಜಕುಮಾರನೊಬ್ಬನನ್ನೇ ಕೂರಿಸಿ ಪಾಠ ಹೇಳಲಿಲ್ಲ. ಅರಸು ಮನೆತನಗಳ ಹುಡುಗರನ್ನು ಜೊತೆಗೆ ಸೇರಿಸಿ ಶಾಲೆಯೊಂದನ್ನು ನಡೆಸಿದರು. ಬೆಂಗಳೂರಿನಲ್ಲಿ ಅವನು ತಂಗಲೆಂದು 1873ರಲ್ಲಿ ಗ್ಯಾರೆಟ್ ಎಂಬ ಪಾದ್ರಿಯಿಂದ ಒಂದು ಆಸ್ತಿಯನ್ನು ಅವನದೇ ಹಣದಿಂದ ಕೊಂಡರು. ಇಂದು ಮದುವೆ ಆರತಕ್ಷತೆಗಳಿಗೂ ಸಂಗೀತ ಮೇಳಗಳಿಗೂ ಜನ ಹೋಗುವ ಬೆಂಗಳೂರು ಅರಮನೆ ಅಲ್ಲಿ ಎದ್ದದ್ದು. ಹತ್ತು ವರ್ಷದ ಹುಡುಗನಿಗಾಗಿ ಕೊಂಡ ಜಾಗ ಅದು. ಮ್ಯಾಲಿಸನ್ನನ ನಂತರ ಜೆ. ಡಿ. ಗಾರ್ಡನ್ ಗಾರ್ಡಿಯನ್ ಆದ. ಆ ಹೊತ್ತಿಗೆ 1876–78ರ ಭೀಕರ ಬರ ರಾಜ್ಯವನ್ನು ಹಿಂಡಿತು. ಬರ ಇನ್ನೂ ಪೂರ್ತಿ ಇಳಿಯದ 1878ರ ಮೇ ತಿಂಗಳಲ್ಲಿ ಕಳಲೆ ಮನೆತನದ ಕೆಂಪನಂಜಮ್ಮಣ್ಣಿಯೊಂದಿಗೆ ಹದಿನೈದು ವರ್ಷದ ಅರಸನ ಮದುವೆ ನಡೆಯಿತು.

1881ರ ಮಾರ್ಚ್ 25ರಂದು ರಾಜ್ಯ ಹಿಂದಕ್ಕೆ ಬಂತು. ಮದರಾಸಿನ ಗವರ್ನರ್ ಆಡಮ್ ಮೈಸೂರಿಗೆ ಬಂದು ಅಧಿಕಾರ ವಹಿಸಿಕೊಟ್ಟ. ಹದಿನೆಂಟು ವರ್ಷದ ಚಾಮರಾಜೇಂದ್ರ ಒಡೆಯರಿಗೆ ಅಂದು ದೊರೆತದ್ದು ತಾತನ ಕಾಲದ ಮೈಸೂರಲ್ಲ. ಕಪ್ಪವನ್ನು ಇಪ್ಪತ್ನಾಲ್ಕೂವರೆ ಲಕ್ಷದಿಂದ 35 ಲಕ್ಷ ರೂಪಾಯಿಗೆ ಏರಿಸಿದ್ದರು, ಬೆಂಗಳೂರಿನ ದಂಡು ಪ್ರದೇಶವನ್ನು ತಮ್ಮಲ್ಲೇ ಉಳಿಸಿಕೊಂಡಿದ್ದರು, ಕೈಕಟ್ಟುವ ಷರತ್ತುಗಳು ಬೇಕಾದಷ್ಟಿದ್ದವು. ಆದರೆ ಅಧಿಕಾರ ಹಸ್ತಾಂತರದ ಆ ಪತ್ರದಲ್ಲಿ ಒಂದು ಕಲಮು ಮುಮ್ಮಡಿಯವರು ಬದುಕಿಡೀ ಕಾದದ್ದು. ಗದ್ದುಗೆಯು ಮಹಾರಾಜರ ವಂಶಸ್ಥರಿಗೆ, ಅವರು ಹುಟ್ಟಿನಿಂದ ಬಂದಿರಲಿ ದತ್ತಕದಿಂದ ಬಂದಿರಲಿ, ಮನೆತನದ ಕಟ್ಟಳೆಯಂತೆ ಸಲ್ಲತಕ್ಕದ್ದು. 1799ರಲ್ಲಿ ಬರೆಯದೆ ಬಿಟ್ಟದ್ದನ್ನು 82 ವರ್ಷದ ಮೇಲೆ ಬರೆದರು. ಗವರ್ನರ್ ಜನರಲ್ ಮನ್ನಿಸುವ ತನಕ ಯಾವ ಉತ್ತರಾಧಿಕಾರವೂ ಊರ್ಜಿತವಲ್ಲ ಎಂಬ ಬಾಲವನ್ನೂ ಅದಕ್ಕೇ ಕಟ್ಟಿದರು. ದತ್ತು ತೆಗೆದುಕೊಳ್ಳುವ ರಾಜ ಯಾರಿಗೆ ತಿಳಿಸಬೇಕೆಂಬ ಪ್ರಶ್ನೆಗೆ ಹೀಗೆ ಅಧಿಕೃತ ಉತ್ತರವೂ ಸಿಕ್ಕಿತು.

ಚಾಮರಾಜೇಂದ್ರರ ಆಳ್ವಿಕೆಯ ವಿವರಕ್ಕೆ ಇಲ್ಲಿ ಎಡೆಯಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿತು, ಹೆಣ್ಣುಮಕ್ಕಳ ಶಾಲೆ ಬೆಳೆಯಿತು, ಎಳೆಯ ಹುಡುಗಿಯರ ಮದುವೆ ತಡೆಯುವ ಕಾನೂನು 1894ರಲ್ಲಿ ಬಂತು. ಅದೇ ವರ್ಷದ ಡಿಸೆಂಬರ್ 28ರಂದು, ಕಲ್ಕತ್ತೆಗೆ ಹೋಗಿದ್ದಾಗ, ಗಂಟಲಮಾರಿ ತಗುಲಿ ಅವರು ತೀರಿಕೊಂಡರು. ವಯಸ್ಸು 31. ಹಿರಿಯ ಮಗ ಕೃಷ್ಣರಾಜನಿಗೆ ಹತ್ತು ವರ್ಷ.

ಒಂದು ಶತಮಾನದೊಳಗೆ ಮೂರನೆಯ ಸಲ ಮೈಸೂರು ಗದ್ದುಗೆಗೆ ತಂದೆಯಿಲ್ಲದ ಹುಡುಗ ಬಂದಿದ್ದ. ಈ ಸಲ ಯಾರೂ ಒಪ್ಪಂದದ ಪದ ಎಣಿಸಲಿಲ್ಲ, ಲಂಡನ್ನಿಗೆ ವಕೀಲರು ಹೋಗಲಿಲ್ಲ. 1895ರ ಫೆಬ್ರವರಿ 1ರಂದು ಪಟ್ಟವಾಯಿತು. ಮಗುವನ್ನು ಯಾರ ಮಡಿಲಿಗೂ ಹಾಕಬೇಕಾಗಲಿಲ್ಲ. ಪುಟ್ಟಮ್ಮಣ್ಣಿ ಕೊಡಬೇಕಾಗಿ ಬಂದ ಜಾಗದಲ್ಲಿ ಸೊಸೆ ಕೆಂಪನಂಜಮ್ಮಣ್ಣಿ ಮಗನನ್ನು ತನ್ನ ಬಳಿಯೇ ಇಟ್ಟುಕೊಂಡರು, ವಾಣಿವಿಲಾಸ ಸನ್ನಿಧಾನ ಎಂಬ ಹೆಸರಿನಲ್ಲಿ ರೀಜೆಂಟರಾಗಿ ರಾಜ್ಯವನ್ನೂ ಆಳಿದರು. ಏಳೂವರೆ ವರ್ಷ ಅವರ ಆಡಳಿತ ನಡೆಯಿತು. 1902ರ ಆಗಸ್ಟ್ 8ರಂದು ಲಾರ್ಡ್ ಕರ್ಜನ್ ಮೈಸೂರಿಗೆ ಬಂದು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಅಧಿಕಾರ ಒಪ್ಪಿಸಿದ. ಹಳೆಯ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾಗಿ ಹೊಸದರ ಕೆಲಸ ನಡೆಯುತ್ತಿದ್ದುದರಿಂದ ಆ ದರ್ಬಾರು ಸೇರಿದ್ದು ಜಗನ್ಮೋಹನ ಅರಮನೆಯಲ್ಲಿ.